ಕೈಯಲ್ಲಿ ಹದಿನಾರು, ಎದುರಿಗೆ ಹತ್ತು

ಬ್ಲ್ಯಾಕ್‌ಜಾಕ್ ಅನ್ನೋ ಕ್ಯಾಸಿನೋ ಇಸ್ಪೀಟಾಟ ಕಲಿಸೋ ವಿಡಿಯೋಗಳು ಬೇಕಾದಷ್ಟಿವೆ, ಅದರಲ್ಲಿ ಹೇಳೋದು ಬಹುಪಾಲು ಸರಿಯಾಗೇ ಇರತ್ತೆ, ಯಾವ ಎಲೆಗೆ ಹಿಟ್ ಮಾಡಬೇಕು (ಅಂದ್ರೆ ಇನ್ನೊಂದು ಎಲೆ ತಗೋಬೇಕು) ಯಾವುದಕ್ಕೆ ನಿಲ್ಲಬೇಕು ಅನ್ನೋ ಚಾರ್ಟಲ್ಲಿ ತಪ್ಪೇನೂ ಇರಲ್ಲ. ಆದ್ರೆ ಆ ಚಾರ್ಟನ್ನ ಪೂರ್ತಿ ಕಲಿತವನಿಗೆ ಆಮೇಲೆ ಏನಾಗತ್ತೆ ಅನ್ನೋದನ್ನ ಅವರು ಯಾರೂ ಹೇಳಲ್ಲ. ನಾನು ನೋಡಿದ ಮಟ್ಟಿಗೆ ಆಗೋದು ಇಷ್ಟೇ, ಕಲಿತವನು ಜಾಸ್ತಿ ಹೊತ್ತು ಕೂರ್ತಾನೆ. ಏನೂ ಗೊತ್ತಿಲ್ಲದವನು ಅರ್ಧ ಗಂಟೆಯಲ್ಲಿ ನೂರು ಡಾಲರ್ ಕಳ್ಕೊಂಡು ಇದು ನಮಗಲ್ಲಪ್ಪ ಅಂತ ಫೋನ್ ಇಟ್ಟು ಮಲಗ್ತಾನೆ. ಕಲಿತವನಿಗೆ ಮಾತ್ರ ನಾನು ಸರಿಯಾಗೇ ಆಡ್ತಿದೀನಲ್ಲ ಅನ್ನೋ ನೆಮ್ಮದಿ ಇರತ್ತೆ, ಆ ನೆಮ್ಮದಿಯಲ್ಲೇ ರಾತ್ರಿ ಎರಡು ಗಂಟೆ ಆಗಿರತ್ತೆ. ಇದು ಸುಮಾರು ದಿನದಿಂದ ನನ್ನ ತಲೇಲಿ ಕೊರೀತಾ ಇದೆ, ಅದಕ್ಕೇ ಬರೀತಿದೀನಿ.

ನಾನಿರೋದು ನ್ಯೂಜೆರ್ಸಿಯಲ್ಲಿ, ಎಡಿಸನ್ ಹತ್ರ. ಇಲ್ಲಿ 2013ರ ನವೆಂಬರ್‌ನಿಂದ ಆನ್‌ಲೈನ್ ಕ್ಯಾಸಿನೋ ಕಾನೂನುಬದ್ಧ. ರಾಜ್ಯದ ಸಂವಿಧಾನದ ಪ್ರಕಾರ ಕ್ಯಾಸಿನೋ ಜೂಜು ಅಟ್ಲಾಂಟಿಕ್ ಸಿಟಿ ಊರೊಳಗೆ ಮಾತ್ರ ನಡೀಬೇಕು, ಹಾಗಾಗಿ ಆನ್‌ಲೈನ್ ಆಟದ ಸರ್ವರ್‌ಗಳನ್ನೂ ಅಲ್ಲೇ ಇಟ್ಟಿದಾರೆ, ನಿಜವಾದ ಮನುಷ್ಯರು ಕ್ಯಾಮೆರಾ ಮುಂದೆ ಎಲೆ ಹಂಚೋ ಲೈವ್ ಡೀಲರ್ ಸ್ಟುಡಿಯೋಗಳೂ ಅಲ್ಲೇ. ಅಂದ್ರೆ ನಾನು ಮನೆಯ ಸೋಫಾ ಮೇಲೆ ಕೂತಿದ್ರೂ ಆಟ ನಡೆಯೋದು ಅಟ್ಲಾಂಟಿಕ್ ಸಿಟಿಯಲ್ಲಿ. ಫೋನು ರಾಜ್ಯದ ಗಡಿಯೊಳಗೇ ಇದೆಯಾ ಅಂತ ಆ್ಯಪ್ ಆಗಾಗ ಚೆಕ್ ಮಾಡ್ತಾನೇ ಇರತ್ತೆ, ಬೆಂಗಳೂರಿಗೆ ರಜಕ್ಕೆ ಹೋದ್ರೆ ಅದು ಓಡಲ್ಲ. ನಮ್ಮ ಕನ್ನಡದ ಗುಂಪಲ್ಲಿ ಸುಮಾರು ಜನ ಆಡ್ತಾರೆ, ಐಟಿಯವರೇ ಜಾಸ್ತಿ, ಲೆಕ್ಕ ಬರೋ ಜನ. ಲೆಕ್ಕ ಬರತ್ತೆ ಅನ್ನೋ ಕಾರಣಕ್ಕೇ ಅವರಿಗೆ ಸ್ಲಾಟ್ ಮಷೀನ್ ಬೇಡ, ಬ್ಲ್ಯಾಕ್‌ಜಾಕೇ ಬೇಕು.

ಆಯ್ಕೆ ಇಲ್ಲದ ಡೀಲರ್

ರೂಲ್ಸ್ ಎಲ್ಲರಿಗೂ ಗೊತ್ತಿರೋದೇ. ಇಪ್ಪತ್ತೊಂದರ ಹತ್ರ ಹೋಗಬೇಕು, ದಾಟಬಾರದು, ರಾಜ ರಾಣಿ ಗುಲಾಮ ಎಲ್ಲ ಹತ್ತು, ಎಕ್ಕ ಒಂದೂ ಆಗತ್ತೆ ಹನ್ನೊಂದೂ ಆಗತ್ತೆ. ಕ್ಯಾಸಿನೋ ಪರವಾಗಿ ಆಡೋ ಡೀಲರ್ ತನ್ನ ಮೊದಲ ಎರಡು ಎಲೆಯಲ್ಲಿ ಒಂದನ್ನ ತೋರಿಸಿ ಒಂದನ್ನ ಮುಚ್ಚಿಟ್ಟಿರ್ತಾರೆ. ಜನ ಗಮನ ಕೊಡದೇ ಇರೋ ವಿಷಯ ಅಂದ್ರೆ ಡೀಲರ್‌ಗೆ ಈ ಆಟದಲ್ಲಿ ಯಾವ ಆಯ್ಕೆಯೂ ಇಲ್ಲ. ಹದಿನಾರು ಅಥವಾ ಕಮ್ಮಿ ಇದ್ರೆ ಎಲೆ ತಗೋಬೇಕು, ಹದಿನೇಳು ಆದ್ರೆ ನಿಲ್ಲಬೇಕು, ಅಷ್ಟೇ. ಡೀಲರ್ ಜಾಣೆಯಾಗಿರಬೇಕಿಲ್ಲ, ನಿಮ್ಮ ಮೇಲೆ ಹಗೆ ಇರಬೇಕಿಲ್ಲ, ದುಡ್ಡು ಮನೆ ಕಡೆ, ಅಂದ್ರೆ ಕ್ಯಾಸಿನೋ ಕಡೆ, ಹೋಗ್ತಾನೇ ಇರತ್ತೆ. ಹೇಗೆ ಅಂದ್ರೆ ನೀವು ಮೊದಲು ಆಡಬೇಕು. ನೀವು ಇಪ್ಪತ್ತೊಂದು ದಾಟಿದ ತಕ್ಷಣ ನಿಮ್ಮ ದುಡ್ಡು ಎತ್ಕೊಂಡಾಯ್ತು, ಆಮೇಲೆ ಡೀಲರ್ ಕೂಡ ದಾಟಿದ್ರೆ ವಾಪಸ್ ಏನೂ ಬರಲ್ಲ. ಇಬ್ಬರೂ ಬಸ್ಟ್ ಆದಾಗ, ಅಂದ್ರೆ ಇಪ್ಪತ್ತೊಂದು ದಾಟಿದಾಗ, ಗೆಲ್ಲೋದು ಮನೆ. ಕ್ಯಾಸಿನೋದ ಪೂರ್ತಿ ಲಾಭ ಈ ಒಂದು ಸಂಗತಿ ಮೇಲೆ ನಿಂತಿದೆ.

ಡೀಲರ್ ಮಾಡೋ ಥರಾನೇ ನಾನೂ ಹದಿನೇಳರ ತನಕ ಎಳೀತೀನಿ ಅಂದ್ರೆ ಮನೆಗೆ ಸಿಗೋದು ನೂರಕ್ಕೆ ಸುಮಾರು ಐದೂವರೆ. ಬಸ್ಟೇ ಆಗಬಾರದು ಅಂತ ಹನ್ನೆರಡಕ್ಕೇ ನಿಲ್ಲೋ ಹೆದರಿಕೆಯ ಆಟ ಆಡಿದ್ರೆ ನಾಲ್ಕರ ಹತ್ರ. ಚಾರ್ಟ್ ಪ್ರಕಾರ ಆಡಿದ್ರೆ ಟೇಬಲ್ಲಿನ ರೂಲ್ಸ್ ನೋಡ್ಕೊಂಡು ಅರ್ಧದಿಂದ ಮುಕ್ಕಾಲು ಪರ್ಸೆಂಟ್. ಇದು ಸಣ್ಣ ಸಾಧನೆ ಅಲ್ಲ, ಬೇರೆ ಯಾವ ಕ್ಯಾಸಿನೋ ಆಟದಲ್ಲೂ ಬರೀ ಕಲಿಯೋದ್ರಿಂದ ಇಷ್ಟು ವ್ಯತ್ಯಾಸ ಮಾಡ್ಕೊಳ್ಳೋದು ಕಷ್ಟ. ಆದ್ರೂ ಅದು ಮೈನಸ್ಸೇ. ಚಾರ್ಟ್ ಗೆಲ್ಲಿಸಲ್ಲ, ಸೋಲೋದನ್ನ ನಿಧಾನ ಮಾಡತ್ತೆ.

ಅಬರ್ಡೀನಿನ ನಾಲ್ಕು ಜನ

ಈ ಚಾರ್ಟ್ ಮಾಡಿದ್ದು ಜೂಜುಕೋರರಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ. 1950ರ ದಶಕದಲ್ಲಿ ಮೇರಿಲ್ಯಾಂಡ್‌ನ ಅಬರ್ಡೀನ್ ಪ್ರೂವಿಂಗ್ ಗ್ರೌಂಡ್ ಅನ್ನೋ ಸೇನಾ ನೆಲೆಯಲ್ಲಿದ್ದ ನಾಲ್ಕು ಜನ, ರೋಜರ್ ಬಾಲ್ಡ್‌ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮೆಕ್‌ಡರ್ಮಟ್, ಮೇಜಿನ ಮೇಲಿಡೋ ಲೆಕ್ಕದ ಮಷೀನ್ ಇಟ್ಕೊಂಡು ಬಿಡುವಿನ ಹೊತ್ತಲ್ಲಿ ಒಂದೊಂದೇ ಸಂದರ್ಭ ಲೆಕ್ಕ ಹಾಕಿದ್ರು. ಕೈಯಲ್ಲಿ ಹನ್ನೆರಡು, ಡೀಲರ್‌ಗೆ ಎರಡು. ಕೈಯಲ್ಲಿ ಹನ್ನೆರಡು, ಡೀಲರ್‌ಗೆ ಮೂರು. ಹೀಗೆ ಎಲ್ಲಾನೂ. 1956ರಲ್ಲಿ ಅಮೆರಿಕದ ಸ್ಟ್ಯಾಟಿಸ್ಟಿಕ್ಸ್ ಸಂಘದ ಜರ್ನಲ್‌ನಲ್ಲಿ ಅದು ಪ್ರಿಂಟ್ ಆಯ್ತು. ಅದನ್ನ ಓದಿದ ಎಡ್ವರ್ಡ್ ಥಾರ್ಪ್ ಎಂಐಟಿಯ ಐಬಿಎಂ 704 ಕಂಪ್ಯೂಟರ್ ಮೇಲೆ ಲೆಕ್ಕ ಮುಂದುವರಿಸಿ ಎಲೆ ಎಣಿಸೋ ವಿಧಾನ, ಅಂದ್ರೆ ಯಾವ ಎಲೆ ಹೋಗಿವೆ ಅಂತ ಲೆಕ್ಕ ಇಟ್ಟು ಉಳಿದದ್ದನ್ನ ಅಂದಾಜು ಮಾಡೋದು, ಕಂಡುಹಿಡಿದ್ರು. ಕಂಪ್ಯೂಟರ್ ಬಂದ್ಮೇಲೂ ಆ ನಾಲ್ಕು ಜನರ ಲೆಕ್ಕದಲ್ಲಿ ತಿದ್ದೋಕೆ ಸಿಕ್ಕಿದ್ದು ಬಹಳ ಕಮ್ಮಿ.

ಅವರು ಇದನ್ನ ಆಡಿ ಆಡಿ ಕಲೀಲಿಲ್ಲ, ಕೂತು ಲೆಕ್ಕ ಹಾಕಿದ್ರು. ಆಡಿ ಕಲಿಯೋಕೆ ಆಗೋ ವಿಷಯಾನೇ ಅಲ್ಲ ಇದು, ಯಾಕೆ ಅಂತ ಮುಂದೆ ಹೇಳ್ತೀನಿ.

ಹದಿನಾರು

ಹಿಂದಿನ ಒಂದು ಚಳಿಗಾಲದಲ್ಲಿ ಜೋರು ಹಿಮ ಬಿದ್ದ ರಾತ್ರಿ ನಾನು ಗೆಳೆಯನೊಬ್ಬನ ಮನೆಯಲ್ಲೇ ಉಳ್ಕೊಂಡಿದ್ದೆ. ಹಾಸನದ ಕಡೆಯವನು, ಹೆಸರು ಬೇಡ. ಮಕ್ಕಳು ಮಲಗಿದ್ಮೇಲೆ ಟ್ಯಾಬ್ಲೆಟ್ ತಗೊಂಡು ಲೈವ್ ಟೇಬಲ್ ತೆಗೆದ. ಪಕ್ಕದಲ್ಲಿ ಪ್ರಿಂಟ್ ತೆಗೆದ ಚಾರ್ಟು, ಹಸಿರು ಕೆಂಪು ಹಳದಿ ಬಣ್ಣದ್ದು. ಬಹಳ ಶಿಸ್ತಿಂದ ಆಡ್ತಿದ್ದ, ಎರಡು ಎಂಟು ಬಂದ್ರೆ ಸ್ಪ್ಲಿಟ್ (ಎರಡು ಬೇರೆ ಬೇರೆ ಕೈ ಮಾಡೋದು), ಎರಡು ಐದು ಬಂದ್ರೆ ಸ್ಪ್ಲಿಟ್ ಮಾಡದೆ ಹತ್ತು ಅಂತ್ಲೇ ಲೆಕ್ಕ, ಎಕ್ಕ ಏಳು ಬಂದು ಡೀಲರ್‌ಗೆ ಒಂಬತ್ತು ಇದ್ರೆ ಹದಿನೆಂಟು ಇದ್ರೂ ಹಿಟ್. ಇದು ಕಲಿಯೋರಿಗೆ ಕಷ್ಟದ್ದು, ಹದಿನೆಂಟು ಅಂದ್ರೆ ಒಳ್ಳೇದಲ್ವಾ ಅನ್ಸತ್ತೆ, ಆದ್ರೆ ಡೀಲರ್ ಕೈಲಿ ಒಂಬತ್ತೋ ಹತ್ತೋ ಇರುವಾಗ ಹದಿನೆಂಟು ಸೋಲೋ ಕಡೆಗೇ ವಾಲಿರೋ ಕೈ, ಎಕ್ಕ ಇರೋದ್ರಿಂದ ಒಂದು ಎಲೆಗೆ ಬಸ್ಟ್ ಆಗೋ ಭಯವೂ ಇಲ್ಲ. ಅದನ್ನೆಲ್ಲ ಅವನು ಸರಿಯಾಗೇ ಮಾಡ್ದ.

ಆಮೇಲೆ ಹದಿನಾರು ಬರೋಕೆ ಶುರು ಆಯ್ತು, ಎದುರಿಗೆ ಪ್ರತಿ ಸಲ ಹತ್ತು ಅಥವಾ ರಾಣಿ. ಹಿಟ್ ಮಾಡ್ದ, ಬಸ್ಟ್. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಹದಿನಾರು, ಮತ್ತೆ ಹಿಟ್, ಮತ್ತೆ ಬಸ್ಟ್. ಇನ್ನೊಂದು ಸಲ ಬಂದಾಗ ಬೆರಳು ಸ್ಕ್ರೀನ್ ಮೇಲೆ ನಿಂತೇ ಇತ್ತು, ಟೈಮರ್ ಓಡ್ತಾ ಇತ್ತು, ಕೊನೇ ಗಳಿಗೆಯಲ್ಲಿ ಸ್ಟ್ಯಾಂಡ್ ಒತ್ತಿದ. ಡೀಲರ್ ಮುಚ್ಚಿದ ಎಲೆ ತಿರುಗಿಸಿದ್ರೆ ಆರು, ಮುಂದಿನದು ರಾಜ, ಇಪ್ಪತ್ತಾರು. ಅವನು ನನ್ನ ಕಡೆ ತಿರುಗಿ ನೋಡಿದ್ಯಾ ಅಂದ. ಆ ಮುಖ ನನಗೆ ಇನ್ನೂ ನೆನಪಿದೆ, ಏನೋ ಅರ್ಥ ಆಯ್ತು ಅನ್ನೋ ಮುಖ. ಚಾರ್ಟ್‌ಗಿಂತ ನಂಗೇ ಜಾಸ್ತಿ ಗೊತ್ತಾಗತ್ತೆ ಅಂತ ಆ ಕ್ಷಣಕ್ಕೆ ಅವನಿಗೆ ಅನ್ಸಿತ್ತು.

ನಿಜ ಲೆಕ್ಕ ಹೀಗಿದೆ. ಹದಿನಾರಕ್ಕೆ ಹಿಟ್ ಮಾಡಿದ್ರೆ ಹದಿಮೂರು ಥರದ ಎಲೆಗಳಲ್ಲಿ ಎಕ್ಕದಿಂದ ಐದರವರೆಗಿನ ಐದು ಮಾತ್ರ ಉಳಿಸತ್ತೆ, ಮಿಕ್ಕ ಎಂಟು ಮುಳುಗಿಸತ್ತೆ. ನಿಂತ್ರೆ ಡೀಲರ್ ಬಸ್ಟ್ ಆದ್ರೆ ಮಾತ್ರ ಗೆಲುವು, ಹತ್ತು ತೋರಿಸ್ತಾ ಇರೋ ಡೀಲರ್ ಬಸ್ಟ್ ಆಗೋದು, ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಯಲ್ಲಿ ಇಪ್ಪತ್ತೊಂದು) ಇಲ್ಲ ಅಂತ ಗೊತ್ತಾದ್ಮೇಲೂ, ನೂರಕ್ಕೆ ಇಪ್ಪತ್ಮೂರು ಸಲ. ಎರಡನ್ನೂ ಪೂರ್ತಿ ಲೆಕ್ಕ ಹಾಕಿದ್ರೆ ಒಂದು ಡಾಲರ್‌ಗೆ ಸರಾಸರಿ ಐವತ್ನಾಲ್ಕು ಸೆಂಟ್ ನಷ್ಟ, ಹಿಟ್ ಮಾಡಿದ್ರೂ ಅಷ್ಟೇ, ನಿಂತ್ರೂ ಅಷ್ಟೇ, ವ್ಯತ್ಯಾಸ ಕೂದಲೆಳೆಯಷ್ಟು. ಹದಿನಾರು ಮೂರು ಎಲೆಗಳಲ್ಲಿ ಆಗಿದ್ರೆ ನಿಲ್ಲೋದೇ ಕೂದಲೆಳೆ ಮೇಲು ಅಂತಾನೂ ಇದೆ. ಅಂದ್ರೆ ಅವನು ಅಷ್ಟೊಂದು ಒದ್ದಾಡಿದ ನಿರ್ಧಾರಕ್ಕೆ ಬೆಲೆ ಹೆಚ್ಚುಕಮ್ಮಿ ಸೊನ್ನೆ. ಹದಿನಾರು ಬಂದಾಗಲೇ ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಗಿ ಆಗಿತ್ತು. ಆದ್ರೆ ಮನಸ್ಸು ಪೂರ್ತಿ ಅಲ್ಲೇ ಸಿಕ್ಕಾಕೊಳ್ಳತ್ತೆ, ಯಾಕೆಂದ್ರೆ ಬಟನ್ ಒತ್ತೋದು ನಾವು. ಎಲ್ಲಿ ನಮ್ಮ ನಿರ್ಧಾರಕ್ಕೆ ನಿಜವಾದ ಬೆಲೆ ಇದೆಯೋ ಅಲ್ಲಿ ಇಷ್ಟು ನೋವಾಗಲ್ಲ, ಟೈಮರೂ ಇರಲ್ಲ.

ನಾಲ್ಕು ಡಾಲರ್ ಕಾಣದೇ ಹೋಗೋದು

ಈಗ ಆಡಿ ಕಲಿಯೋಕೆ ಯಾಕೆ ಆಗಲ್ಲ ಅನ್ನೋದು. ಒಂದು ಕೈಗೆ ಹತ್ತು ಡಾಲರ್ ಇಟ್ಟು ಗಂಟೆಗೆ ಅರವತ್ತು ಕೈ ಆಡಿದ್ರೆ ಒಟ್ಟು ಇಟ್ಟಿದ್ದು ಆರುನೂರು. ಮನೆಯ ಪಾಲು ನೂರಕ್ಕೆ 0.7 ಅಂತ ಇಟ್ಕೊಂಡ್ರೆ ಗಂಟೆಗೆ ಸರಾಸರಿ ನಷ್ಟ ನಾಲ್ಕು ಡಾಲರ್ ಚಿಲ್ರೆ. ಆದ್ರೆ ಆ ಒಂದು ಗಂಟೆಯಲ್ಲಿ ಅದೃಷ್ಟದ ಏರಿಳಿತ ಸುಮಾರು ತೊಂಬತ್ತು ಡಾಲರ್, ಆ ಕಡೆಗೋ ಈ ಕಡೆಗೋ. ತೊಂಬತ್ತರ ಅಲೆ ಒಳಗೆ ನಾಲ್ಕು ಡಾಲರ್ ಯಾರಿಗೆ ಕಾಣತ್ತೆ? ಎಂಬತ್ತು ಗೆದ್ದವನು ನನ್ನ ಆಟ ಚೆನ್ನಾಗಾಯ್ತು ಅಂತಾನೆ, ಎಂಬತ್ತು ಸೋತವನು ಇವತ್ತು ಟೈಮ್ ಸರಿ ಇಲ್ಲ ಅಂತಾನೆ, ಇಬ್ಬರೂ ಒಂದೇ ಥರ ಆಡಿರ್ತಾರೆ. ಆ ಸಣ್ಣ ಸೋರಿಕೆ ಏರಿಳಿತದಷ್ಟು ದೊಡ್ಡದಾಗಬೇಕು ಅಂದ್ರೂ ಇಪ್ಪತ್ತೈದು ಸಾವಿರಕ್ಕಿಂತ ಜಾಸ್ತಿ ಕೈ ಆಡಬೇಕು. ಅಷ್ಟರವರೆಗೆ ಟೇಬಲ್ಲು ನಿಮಗೆ ಏನೇನೋ ಹೇಳ್ತಾ ಇರತ್ತೆ, ಅದರಲ್ಲಿ ಬಹುಪಾಲು ಅರ್ಥ ಇಲ್ಲದ್ದು. ಅನುಭವದಿಂದ ಕಲಿ ಅನ್ನೋದನ್ನ ನಾನು ಬೇರೆ ಎಲ್ಲ ವಿಷಯದಲ್ಲೂ ಒಪ್ತೀನಿ, ಇಲ್ಲಿ ಒಪ್ಪಲ್ಲ.

ಜೊತೆಗೆ ಇನ್ನೊಂದು ವಿಷಯ, ಜನ ಪರ್ಸೆಂಟ್ ಅಂದ ತಕ್ಷಣ ಜೇಬಲ್ಲಿ ತಂದ ದುಡ್ಡಿನ ಪರ್ಸೆಂಟ್ ಅಂದ್ಕೋತಾರೆ. ಇನ್ನೂರು ಡಾಲರ್ ತಂದಿದೀನಿ, 0.7 ಅಂದ್ರೆ ಒಂದೂವರೆ ಡಾಲರ್ ತಾನೇ ಅಂತ. ಹಾಗಲ್ಲ, ಅದು ಇಟ್ಟ ಪ್ರತಿ ಪಣದ ಮೇಲೆ. ಅದೇ ಇನ್ನೂರು ಡಾಲರ್ ಗೆದ್ದು ಸೋತು ಗೆದ್ದು ಸೋತು ಒಂದು ರಾತ್ರಿಯಲ್ಲಿ ಮೂರು ಸಾವಿರದ ಪಣವಾಗಿ ಓಡಾಡಿರತ್ತೆ. ಹೊತ್ತು ಜಾಸ್ತಿ ಆದಷ್ಟೂ ಪರ್ಸೆಂಟ್ ಕೆಲಸ ಮಾಡತ್ತೆ. ಕಲಿತವನು ಜಾಸ್ತಿ ಹೊತ್ತು ಕೂರ್ತಾನೆ ಅಂತ ಮೊದಲು ಹೇಳಿದ್ನಲ್ಲ, ಅದರ ಬೆಲೆ ಇದು.

ಕೊನೇ ಸೀಟಿನವನು

ಲೈವ್ ಟೇಬಲ್ಲಿಗೆ ಏಳು ಸೀಟು ಇರತ್ತೆ, ಪಕ್ಕದಲ್ಲಿ ಚಾಟ್. ಒಂದು ಸಲ ನಾನು ಆಡದೆ ಬರೀ ನೋಡ್ತಿದ್ದೆ, ಡೀಲರ್‌ಗೆ ಆರು ತೋರಿಸ್ತಿತ್ತು. ಅದು ಆಟಗಾರರಿಗೆ ಬಹಳ ಒಳ್ಳೇ ಎಲೆ, ಆರು ಇದ್ದಾಗ ಡೀಲರ್ ನೂರಕ್ಕೆ ನಲವತ್ತೆರಡು ಸಲ ಬಸ್ಟ್ ಆಗ್ತಾರೆ. ಎಲ್ಲರೂ ನಿಂತ್ರು. ಕೊನೇ ಸೀಟಿನವನ ಕೈಲಿ ಹನ್ನೆರಡು, ಅವನು ಹಿಟ್ ಮಾಡ್ದ, ಹತ್ತು ಬಂತು, ಬಸ್ಟ್. ಡೀಲರ್ ತಿರುಗಿಸಿದ್ರೆ ಹತ್ತು, ಹದಿನಾರಾಯ್ತು, ಮುಂದೆ ಬಂದಿದ್ದು ಐದು. ಇಪ್ಪತ್ತೊಂದು. ಟೇಬಲ್ ಪೂರ್ತಿ ಸೋತ್ತು. ಚಾಟಲ್ಲಿ ಬೈಗುಳದ ಮಳೆ, ಆ ಹತ್ತು ಡೀಲರ್‌ದು, ನೀನ್ಯಾಕೆ ತಗೊಂಡೆ, ಆಡೋಕೆ ಬರದವರೆಲ್ಲ ಇಲ್ಲಿಗೆ ಯಾಕೆ ಬರ್ತೀರ ಅಂತೆಲ್ಲ. ಪಾಪ ಅವನು ಸಾರಿ ಅಂತ ಟೈಪ್ ಮಾಡ್ದ. ಡೀಲರ್ ಹುಡುಗಿ ಚಾಟ್ ನೋಡಿ, ಪರವಾಗಿಲ್ಲ ಎಲ್ಲರೂ ಅವರವರ ಆಟ ಆಡ್ಲಿ ಅಂತ ಮೆತ್ತಗೆ ಹೇಳಿದ್ಲು.

ಸ್ವಲ್ಪ ಹೊತ್ತಲ್ಲಿ ಅವನೇ ಮತ್ತೆ ತಪ್ಪಾಗಿ ಒಂದು ಎಲೆ ತಗೊಂಡ, ಈ ಸಲ ಅವನು ಎತ್ಕೊಂಡಿದ್ದು ಡೀಲರ್‌ಗೆ ಇಪ್ಪತ್ತೊಂದು ಆಗ್ತಿದ್ದ ಎಲೆ, ಡೀಲರ್ ಬಸ್ಟ್ ಆದ್ರು, ಎಲ್ಲರೂ ಗೆದ್ರು. ಯಾರೂ ಥ್ಯಾಂಕ್ಸ್ ಅನ್ನಲಿಲ್ಲ. ಎಂಟು ಪ್ಯಾಕಿನ ಶೂ (ಎಲೆ ಹಂಚೋ ಪೆಟ್ಟಿಗೆ) ಒಳಗಿರೋ ಮುಂದಿನ ಎಲೆ ಯಾವುದು ಅಂತ ಯಾರಿಗೂ ಗೊತ್ತಿಲ್ಲದಾಗ ಒಬ್ಬ ಎಲೆ ತಗೊಂಡ್ರೆ ಉಳಿದವರಿಗೆ ಕೆಟ್ಟದಾಗೋ ಸಾಧ್ಯತೆ ಎಷ್ಟೋ ಒಳ್ಳೇದಾಗೋ ಸಾಧ್ಯತೆಯೂ ಅಷ್ಟೇ. ಬೈದವರಲ್ಲಿ ಬಹಳ ಜನಕ್ಕೆ ಚಾರ್ಟ್ ಬಾಯಿಪಾಠ ಬರ್ತಿತ್ತು ಅನ್ನೋದು ಅವರು ಆಡೋ ರೀತಿಯಲ್ಲೇ ಗೊತ್ತಾಗ್ತಿತ್ತು. ಚಾರ್ಟ್ ಗೊತ್ತಿದ್ದೂ ಚಾರ್ಟ್ ಯಾಕೆ ಹಾಗಿದೆ ಅನ್ನೋದು ಗೊತ್ತಿರ್ಲಿಲ್ಲ, ಗೊತ್ತಿದ್ರೆ ಆ ಅಪರಿಚಿತನಿಗೆ ಅಷ್ಟು ನೋಯಿಸ್ತಿರ್ಲಿಲ್ಲ.

ಆ ಡೀಲರ್ ಬಗ್ಗೆ ಒಂದು ಮಾತು. ಈ ಜನ ಪಾಳಿಯಲ್ಲಿ ನಿಂತು, ಪ್ರತಿ ಎಲೆ ಸೆನ್ಸರ್‌ಗೋ ಕ್ಯಾಮೆರಾಗೋ ಕಾಣೋ ಹಾಗೆ ಇಟ್ಟು, ಎದುರಿನ ಮಾನಿಟರ್‌ನಲ್ಲಿ ಚಾಟ್ ಓದ್ಕೊಂಡು, ಹೆಸರು ಕರೆದು ಮಾತಾಡ್ತಾ ಗಂಟೆಗಟ್ಟಲೆ ಕೆಲಸ ಮಾಡ್ತಾರೆ. ಅದು ಕಷ್ಟದ ಕೆಲಸ, ನನಗೆ ಅವರ ಮೇಲೆ ಗೌರವ ಇದೆ. ಲೈವ್ ಆಟದ ಪರವಾಗಿ ಒಂದು ವಿಷಯ ಹೇಳಲೇಬೇಕು, ಬರೀ ಸಾಫ್ಟ್‌ವೇರ್ ಹಂಚೋ ಆಟದಲ್ಲಿ ಗಂಟೆಗೆ ನೂರಾರು ಕೈ ಮುಗಿದು ಹೋಗತ್ತೆ, ಇಲ್ಲಿ ಮನುಷ್ಯರ ಕೈ ಓಡೋ ವೇಗ ಅಷ್ಟೇ, ಅದರಿಂದ ಸೋರಿಕೆಯೂ ನಿಧಾನ. ಆದ್ರೆ ನಗುಮುಖದಿಂದ ಹೆಸರು ಹಿಡಿದು ಕರೆದು ಮುಂದಿನ ಸಲ ಒಳ್ಳೇದಾಗ್ಲಿ ಅಂದವರ ಮುಂದಿಂದ ಎದ್ದು ಹೋಗೋದು ಬಟನ್ ಒತ್ತಿ ಆ್ಯಪ್ ಮುಚ್ಚಿದಷ್ಟು ಸುಲಭ ಅಲ್ಲ. ನಮ್ಮ ಜನಕ್ಕಂತೂ ಇನ್ನೂ ಕಷ್ಟ, ಮಾತಾಡಿಸ್ತಿರೋವಾಗ ಎದ್ದು ಹೋದ್ರೆ ಏನಂದ್ಕೋತಾರೋ ಅನ್ನೋ ಸಂಕೋಚ.

ಎಣಿಸೋ ಆಸೆ

ಐಟಿ ಗೆಳೆಯರೆಲ್ಲ ಕೇಳೋದು ಎಲೆ ಎಣಿಸೋದ್ರ ಬಗ್ಗೆ. ಅದರ ಕಥೆ ಇದೇ ನ್ಯೂಜೆರ್ಸಿಯಲ್ಲಿ ಒಂದು ತಿರುವು ತಗೊಂಡಿದೆ. ಕೆನ್ ಉಸ್ಟನ್ ಅನ್ನೋ ಆಟಗಾರನನ್ನ ಎಲೆ ಎಣಿಸ್ತಾನೆ ಅಂತ ರಿಸಾರ್ಟ್ಸ್ ಕ್ಯಾಸಿನೋ ಹೊರಗೆ ಹಾಕಿತ್ತು, ಅವನು ಕೋರ್ಟಿಗೆ ಹೋದ, 1982ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಬರೀ ಎಣಿಸ್ತಾನೆ ಅನ್ನೋ ಕಾರಣಕ್ಕೆ ಕ್ಯಾಸಿನೋ ತನ್ನಷ್ಟಕ್ಕೆ ತಾನೇ ಹೊರಗೆ ಹಾಕೋ ಹಾಗಿಲ್ಲ ಅಂತು. ಗೆದ್ದಿದ್ದು ಅವನೇ, ಆದ್ರೆ ಕ್ಯಾಸಿನೋಗಳು ಪ್ಯಾಕ್ ಜಾಸ್ತಿ ಮಾಡಿ, ಬೇಗ ಬೇಗ ಕಲೆಸೋಕೆ ಶುರು ಮಾಡಿದ್ವು. ಲೈವ್ ಡೀಲರ್ ಟೇಬಲ್ ಅದೇ ದಾರಿಯ ಕೊನೆ. ಸಾಮಾನ್ಯವಾಗಿ ಎಂಟು ಪ್ಯಾಕು, ಅರ್ಧ ಮುಗಿಯೋ ಹೊತ್ತಿಗೆ ಗುರುತಿಗೆ ಇಟ್ಟ ಕಟ್ ಕಾರ್ಡ್ ಬಂದು ಮತ್ತೆ ಕಲೆಸ್ತಾರೆ. ಎಣಿಕೆಗೆ ಬೆಲೆ ಬರೋದೇ ಶೂ ಕೊನೇ ಹೊತ್ತಲ್ಲಿ, ಆ ಭಾಗ ಇಲ್ಲಿ ಬರೋದೇ ಇಲ್ಲ. ಹೊರಗೆ ಹಾಕೋ ಅಗತ್ಯಾನೇ ಇಲ್ಲ.

ಹಾಗಾದ್ರೆ ಏನು ಉಳೀತು

ಡೀಲರ್‌ಗೆ ಆಯ್ಕೆ ಇಲ್ಲ, ಚಾರ್ಟ್ ಕಲಿತ ಮೇಲೆ ನಮಗೂ ಎಲೆಯ ವಿಷಯದಲ್ಲಿ ಆಯ್ಕೆ ಇಲ್ಲ. ನಿಜವಾದ ನಿರ್ಧಾರಗಳೆಲ್ಲ ಎಲೆ ಬರೋಕೆ ಮುಂಚೆ ಇರೋವು. ಯಾವ ಟೇಬಲ್ ಅನ್ನೋದು ಮೊದಲನೇದು. ಬ್ಲ್ಯಾಕ್‌ಜಾಕ್ ಬಂದ್ರೆ 3ಕ್ಕೆ 2 ಕೊಡೋ ಟೇಬಲ್ಲೂ ಇದೆ, 6ಕ್ಕೆ 5 ಕೊಡೋದೂ ಇದೆ, ಅಂದ್ರೆ ಹತ್ತು ಡಾಲರ್‌ಗೆ ಹದಿನೈದರ ಬದಲು ಹನ್ನೆರಡು. ಬ್ಲ್ಯಾಕ್‌ಜಾಕ್ ಬರೋದು ಇಪ್ಪತ್ತೊಂದು ಕೈಗೆ ಒಂದು ಸಲ, ಆದ್ರೂ ಈ ಒಂದು ರೂಲಿಂದ ಮನೆಯ ಪಾಲಿಗೆ ಸುಮಾರು 1.4 ಪರ್ಸೆಂಟ್ ಸೇರತ್ತೆ. ಗಂಟೆಗೆ ನಾಲ್ಕು ಡಾಲರ್ ಇದ್ದಿದ್ದು ಹನ್ನೆರಡು ದಾಟತ್ತೆ. ಹದಿನಾರಕ್ಕೆ ಒದ್ದಾಡೋರು ಇದನ್ನ ಒಂದು ಸಲ ಹೆಲ್ಪ್ ಪೇಜ್ ತೆಗೆದು ಓದಲ್ಲ.

ಎರಡನೇದು ಸೈಡ್ ಬೆಟ್, ಮುಖ್ಯ ಆಟದ ಜೊತೆ ಬೇರೆಯಾಗಿ ಇಡೋ ಪಣ. ಜೋಡಿ ಬಂದ್ರೆ ಇಷ್ಟು, ಡೀಲರ್ ಎಲೆ ಸೇರಿಸಿ ಮೂರೂ ಒಂದೇ ಜಾತಿ (ಇಸ್ಪೀಟು, ಆಟಿನ್ ಥರ) ಬಂದ್ರೆ ಅಷ್ಟು ಅಂತ. ಅವುಗಳಲ್ಲಿ ಮನೆಯ ಪಾಲು ನಾಲ್ಕು ಪರ್ಸೆಂಟ್ ಇದ್ರೆ ಒಳ್ಳೇದು ಅಂತ ಲೆಕ್ಕ. ಪ್ರತಿ ಕೈಗೂ ಬರೀ ಐದು ಡಾಲರ್ ಅಲ್ಲಿ ಇಟ್ರೂ ಗಂಟೆಗೆ ಇನ್ನೊಂದು ಹನ್ನೆರಡು ಡಾಲರ್, ಮುಖ್ಯ ಆಟದ ಮೂರು ಪಟ್ಟು. ಡೀಲರ್‌ಗೆ ಎಕ್ಕ ಕಂಡಾಗ ಅವರಿಗೆ ಬ್ಲ್ಯಾಕ್‌ಜಾಕ್ ಇರತ್ತೆ ಅಂತ ಇಡೋ ಇನ್ಶೂರೆನ್ಸ್ ಪಣದ ಬಗ್ಗೆ ಹೇಳೋದೇ ಬೇಡ, ಎಂಟು ಪ್ಯಾಕಿನ ಆಟದಲ್ಲಿ ಏಳು ಪರ್ಸೆಂಟ್‌ಗೂ ಮೇಲೆ.

ಮೂರನೇದು ಯಾವಾಗ ಏಳೋದು ಅನ್ನೋದು, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಮಂಡ್ಯ ಕಡೆ ಹಳ್ಳಿಯಲ್ಲಿ ಯುಗಾದಿಗೆ ಇಸ್ಪೀಟು ಆಡ್ತಾರೆ, ಅಂದರ್ ಬಾಹರ್. ಅರಳಿಕಟ್ಟೆ ಹತ್ರ ಕಂಬಳಿ ಹಾಸಿ, ಸುತ್ತ ಜನ, ಚಿಕ್ಕವನಿದ್ದಾಗ ದೊಡ್ಡವರ ಭುಜದ ಸಂದಿಯಲ್ಲಿ ನೋಡ್ತಾ ನಿಂತಿರ್ತಿದ್ದೆ. ಆ ಆಟದಲ್ಲಿ ಮೊದಲ ಎಲೆ ಯಾವ ಕಡೆ ಬೀಳತ್ತೋ ಆ ಕಡೆಗೆ ನೂರಕ್ಕೆ 51.5ರಷ್ಟು ಅವಕಾಶ, ಅಷ್ಟೇ ವ್ಯತ್ಯಾಸ, ಕಲಿಯೋಕೆ ಏನೂ ಇಲ್ಲ. ಅಲ್ಲೂ ಮನೆ ಕಳ್ಕೊಂಡವರಿದ್ರು, ನಾನು ಅದನ್ನ ಚೆಂದ ಮಾಡಿ ಹೇಳಲ್ಲ. ಆದ್ರೆ ಹಬ್ಬ ಮುಗೀತಿತ್ತು, ಬೆಳಕು ಹರೀತಿತ್ತು, ದನ ಬಿಚ್ಚೋ ಹೊತ್ತಾಗ್ತಿತ್ತು, ಹೆಂಡತಿಯೋ ತಾಯಿಯೋ ಬಂದು ಎಬ್ಬಿಸ್ತಿದ್ರು. ಏಳೋ ಹೊತ್ತನ್ನ ಊರು ನಿರ್ಧಾರ ಮಾಡ್ತಿತ್ತು. ಲೈವ್ ಟೇಬಲ್ ಮುಚ್ಚೋದೇ ಇಲ್ಲ, ಒಬ್ಬ ಡೀಲರ್ ಸುಸ್ತಾದ್ರೆ ಇನ್ನೊಬ್ಬರು ಬಂದು ಹಲೋ ಅಂತಾರೆ.

ಬೆಂಗಳೂರಿನಿಂದ ಇದನ್ನ ಕೇಳೋ ತಮ್ಮಂದಿರಿಗೆ ನಾನು ಬೇರೆ ಉತ್ತರ ಕೊಡ್ತೀನಿ. ಅಲ್ಲಿ 2021ರಲ್ಲಿ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡ್ತು, ಕೌಶಲದ ಆಟನಾ ಅದೃಷ್ಟದ ಆಟನಾ ಅಂತ ವರ್ಷಗಟ್ಟಲೆ ವಾದ ನಡೀತು, ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾನೂನು ಆ ಭೇದವನ್ನೇ ಬಿಟ್ಟು ಆನ್‌ಲೈನ್ ದುಡ್ಡಿನ ಆಟ ನಡೆಸೋದನ್ನೇ ನಿಷೇಧಿಸ್ತು. ಈಗ ಅಲ್ಲಿ ಸಿಗೋದೆಲ್ಲ ಎಲ್ಲಿಂದಲೋ ಓಡೋ ಕಳ್ಳ ಸೈಟುಗಳು, ಗೆದ್ದ ದುಡ್ಡು ಕೊಡದಿದ್ರೆ ಕೇಳೋರಿಲ್ಲ. ಅಲ್ಲಿ ಆಡಬೇಡಿ, ಅಷ್ಟೇ. ಕೌಶಲ ಅನ್ನೋ ವಾದ ಬ್ಲ್ಯಾಕ್‌ಜಾಕ್ ಮಟ್ಟಿಗೆ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ, ಕೌಶಲ ಇದೆ, ನಿಜ, ಆದ್ರೆ ಪೂರ್ತಿ ಕೌಶಲ ಇದ್ದವನೂ ಸೋಲೋ ಕಡೇನೇ ಇರ್ತಾನೆ.

ಇಲ್ಲಿಯವರಿಗೆ ಹೇಳೋದಾದ್ರೆ, ನ್ಯೂಜೆರ್ಸಿಯ ನಿಯಮದ ಪ್ರಕಾರ ಪ್ರತಿ ಆ್ಯಪ್‌ನಲ್ಲೂ ಡೆಪಾಸಿಟ್ ಮಿತಿ, ಹೊತ್ತಿನ ಮಿತಿ ನಾವೇ ಹಾಕ್ಕೊಳ್ಳೋ ಅವಕಾಶ ಕೊಡಲೇಬೇಕು. ಮಿತಿ ಕಮ್ಮಿ ಮಾಡಿದ್ರೆ ತಡ ಅಂದ್ರೂ ಮುಂದಿನ ಲಾಗಿನ್ ಹೊತ್ತಿಗೆ ಜಾರಿಗೆ ಬರತ್ತೆ, ಜಾಸ್ತಿ ಮಾಡಬೇಕು ಅಂದ್ರೆ ಹಳೇ ಮಿತಿಯ ಅವಧಿ ಮುಗಿಯೋ ತನಕ ಕಾಯಬೇಕು. ಅಂದ್ರೆ ಸಂಜೆ ಆರಕ್ಕೆ ಊಟಕ್ಕೆ ಮುಂಚೆ ಹಾಕಿದ ವಾರದ ಮಿತಿಯನ್ನ ರಾತ್ರಿ ಒಂದು ಗಂಟೆಗೆ ಹದಿನಾರು ಹಿಡ್ಕೊಂಡು ಕೂತಾಗ ಜಾಸ್ತಿ ಮಾಡೋಕೆ ಆಗಲ್ಲ. ಆ ಹಾಸನದ ಗೆಳೆಯನ ಜೊತೆ ಕೂತು ನಾನು ಇದನ್ನ ಸೆಟ್ ಮಾಡಿಸಿದೆ, ವಾರಕ್ಕೆ ಇಷ್ಟು ದುಡ್ಡು, ದಿನಕ್ಕೆ ಒಂದೇ ಗಂಟೆ, 3ಕ್ಕೆ 2 ಟೇಬಲ್ ಮಾತ್ರ. ಅವನಿಗೆ ಈಗ್ಲೂ ಆ ಹದಿನಾರರ ಬಗ್ಗೆ ವಾದ ಮಾಡೋದು ಇಷ್ಟ, ಮಾಡ್ಲಿ, ಅದರಿಂದ ಅವನಿಗೆ ಆಗೋ ನಷ್ಟ ವರ್ಷಕ್ಕೆ ಒಂದು ಕಾಫಿಯಷ್ಟೂ ಇಲ್ಲ.